ರೋಟರಿ ಎಂಜಿನ್ ವಿಮಾನ: ಫ್ಯೂಯೆಲ್ ಫಿಲ್ಟರ್ ಕಟ್ಟಿಕೊಂಡಿದೆಯಾ ಅಂತ ಪತ್ತೆ ಹಚ್ಚುವುದು ಹೇಗೆ

ಅಮೆರಿಕದಲ್ಲಿ ಸ್ವಂತ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸುವವರು ಸಾವಿರಾರು ಜನ ಇದ್ದಾರೆ. ಅವರಲ್ಲಿ ಒಂದು ಸಣ್ಣ ಗುಂಪು ವಿಮಾನದ ಎಂಜಿನ್ ಬಿಟ್ಟು, ಮಾಜ್ದಾ ಆರ್‌ಎಕ್ಸ್-7 ಕಾರಿನ 13ಬಿ ರೋಟರಿ ಎಂಜಿನ್ ಕೂರಿಸುತ್ತದೆ. ಎರಡು ರೋಟರ್ (ಪಿಸ್ಟನ್ ಬದಲು ತಿರುಗುವ ತ್ರಿಕೋನದ ಭಾಗ), ಒಟ್ಟು 1308 ಸಿಸಿ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಮುರಿಯುವ ಭಾಗಗಳು ಕಡಿಮೆ. ಪೆಟ್ಟು ತಿಂದರೂ ಎಳೆದುಕೊಂಡು ಹೋಗುವ ಎಂಜಿನ್ ಅಂತ ಇದಕ್ಕೆ ಹೆಸರಿದೆ. ಆದರೆ ಪೆಟ್ರೋಲ್ ಬರದಿದ್ದರೆ ಯಾವ ಎಂಜಿನ್ನೂ ಓಡಲ್ಲ. ಈ ವಿಮಾನಗಳ ಟ್ಯಾಂಕು, ಪೈಪು, ಪಂಪು, ಫಿಲ್ಟರ್ ಎಲ್ಲ ಕಟ್ಟಿದವರೇ ಯೋಚಿಸಿ ಜೋಡಿಸಿದ್ದು. ಒಂದರಂತೆ ಇನ್ನೊಂದು ಇರಲ್ಲ. ಹಾಗಾಗಿ ಕೆಟ್ಟಾಗ ಹುಡುಕುವ ಕೆಲಸವೂ ಅವರದ್ದೇ.

ಈ ಕೈಪಿಡಿ ಫ್ಯೂಯೆಲ್ ಇಂಜೆಕ್ಷನ್ ಇರುವ 13ಬಿ ಎಂಜಿನ್ ಮತ್ತು ಹೆಚ್ಚಾದ ಇಂಧನ ಟ್ಯಾಂಕಿಗೆ ವಾಪಸ್ ಹೋಗುವ ಜೋಡಣೆಗೆ ಬರೆದದ್ದು. ಕಾರ್ಬ್ಯುರೇಟರ್ ಇಟ್ಟುಕೊಂಡವರಿಗೆ ಒತ್ತಡದ ಲೆಕ್ಕ ಬೇರೆ.

ಒತ್ತಡದ ಗೇಜ್ ಯಾಕೆ ತಡವಾಗಿ ಹೇಳುತ್ತದೆ

ದಾರಿ ಹೀಗಿರುತ್ತದೆ: ಟ್ಯಾಂಕು, ಸೆಲೆಕ್ಟರ್ ವಾಲ್ವ್ (ಯಾವ ಟ್ಯಾಂಕು ಅಂತ ಆರಿಸುವುದು), ಸುಮಾರು 100 ಮೈಕ್ರಾನ್‌ನ ದೊಡ್ಡ ಕಣ್ಣಿನ ಜಾಲರಿಯ ಫಿಲ್ಟರ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಪಂಪು, 10 ಮೈಕ್ರಾನ್ ಆಸುಪಾಸಿನ ಸಣ್ಣ ಕಣ್ಣಿನ ಫಿಲ್ಟರ್, ಇಂಜೆಕ್ಟರ್ ರೈಲು (ಇಂಧನ ಚಿಮ್ಮಿಸುವ ಇಂಜೆಕ್ಟರುಗಳಿಗೆ ಹಂಚುವ ಕೊಳವೆ), ರೆಗ್ಯುಲೇಟರ್ (ಒತ್ತಡ ಹಿಡಿದಿಡುವ ವಾಲ್ವ್), ಅಲ್ಲಿಂದ ವಾಪಸ್ ಟ್ಯಾಂಕು. ಮೊದಲನೆಯದನ್ನು ಟ್ಯಾಂಕ್ ಕಡೆಯ ಫಿಲ್ಟರ್, ಎರಡನೆಯದನ್ನು ಎಂಜಿನ್ ಕಡೆಯ ಫಿಲ್ಟರ್ ಅಂತ ಕರೆಯೋಣ.

180 ಕುದುರೆಶಕ್ತಿ ಎಳೆಯುವಾಗ 13ಬಿ ಗಂಟೆಗೆ ಸುಮಾರು 57 ಲೀಟರ್ ಕುಡಿಯುತ್ತದೆ. ಅಂದರೆ ನಿಮಿಷಕ್ಕೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ. ಗಂಟೆಗೆ 150 ಲೀಟರ್ ತಳ್ಳುವ ಪಂಪು ಇದ್ದರೆ ನಿಮಿಷಕ್ಕೆ ಎರಡೂವರೆ ಲೀಟರ್ ಆಯಿತು. ಮಿಕ್ಕ ಒಂದೂವರೆ ಲೀಟರ್ ಟ್ಯಾಂಕಿಗೆ ವಾಪಸ್. ಈಗ ಫಿಲ್ಟರ್ ಅರ್ಧ ಕಟ್ಟಿಕೊಂಡು ಹರಿವು ಒಂದೂಕಾಲು ಲೀಟರಿಗೆ ಇಳಿಯಿತು ಅಂದುಕೊಳ್ಳಿ. ಎಂಜಿನ್ನಿಗೆ ಇನ್ನೂ ಸಾಕು. ರೆಗ್ಯುಲೇಟರ್ ವಾಪಸ್ ದಾರಿಯನ್ನು ಬಿಗಿ ಮಾಡಿ ಒತ್ತಡವನ್ನು 40 ಪಿಎಸ್‌ಐಗೇ ಹಿಡಿದಿಡುತ್ತದೆ. ಗೇಜಿನ ಮುಳ್ಳು ಅಲ್ಲಾಡುವುದೇ ಇಲ್ಲ. ವಾಪಸ್ ಹೋಗುವ ಹರಿವು ಸೊನ್ನೆ ಆದ ಮೇಲೇ ಒತ್ತಡ ಬೀಳುವುದು.

ಹಾಗಾಗಿ "ಪ್ರೆಶರ್ ಸರಿ ಇದೆ, ಫಿಲ್ಟರ್ ಚೆನ್ನಾಗಿದೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟು ಮಿಗುತ್ತಿದೆ ಅಂತ ಹೇಳುವುದು ವಾಪಸ್ ಪೈಪು. ಕೆಳಗಿನ ಎಲ್ಲ ಪರೀಕ್ಷೆಗೂ ಇದೇ ಬುನಾದಿ.

ಕೈ ಹಾಕುವ ಮುಂಚೆ

40 ಪಿಎಸ್‌ಐನಲ್ಲಿ ಇರುವ ಪೆಟ್ರೋಲ್ ಪೈಪು ಸಡಿಲ ಮಾಡಿದರೆ ಸೋರುವುದಿಲ್ಲ, ಮಂಜಿನಂತೆ ಚಿಮ್ಮುತ್ತದೆ. ರೋಟರಿಯ ಎಕ್ಸಾಸ್ಟ್ ಪಿಸ್ಟನ್ ಎಂಜಿನ್‌ಗಿಂತ ಬಿಸಿ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಾಗಲಿ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ಓಡಿಸಿ ಅದಾಗಿ ನಿಲ್ಲಲು ಬಿಟ್ಟರೆ ರೈಲಿನ ಒತ್ತಡ ಇಳಿಯುತ್ತದೆ. ಆಮೇಲೆ ತಣಿಯಲು ಬಿಡಿ, ಮಾಸ್ಟರ್ ಸ್ವಿಚ್ ಆಫ್ ಮಾಡಿ. ಕೆಲಸ ಹ್ಯಾಂಗರ್ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಪೆಟ್ರೋಲ್ ಹಿಡಿಯಲು ಲೋಹದ ಡಬ್ಬ ಬಳಸಿ, ಅದನ್ನು ತಂತಿಯಿಂದ ವಿಮಾನದ ಮೈಗೆ ಜೋಡಿಸಿ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ, ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಪ್ರೊಪೆಲ್ಲರ್ ತಿರುಗುವ ಯಾವ ಪರೀಕ್ಷೆಗೂ ಜೊತೆಗೆ ಇನ್ನೊಬ್ಬರು ಇರಲಿ.

ಲಕ್ಷಣ: ಸ್ವಲ್ಪ ಹೊತ್ತು ಚೆನ್ನಾಗಿ ಹಾರಿ ಆಮೇಲೆ ಎಂಜಿನ್ ಸೊರಗುತ್ತದೆ

ಇಲ್ಲಿಂದಲೇ ಶುರು ಮಾಡಿ, ಯಾಕಂದ್ರೆ ಇದಕ್ಕೆ ಖರ್ಚು ಸೊನ್ನೆ. ಫಿಲ್ಟರ್ ಅಲ್ಲ, ಟ್ಯಾಂಕಿನ ಗಾಳಿ ಕೊಳವೆಯನ್ನು ಮೊದಲು ನೋಡಬೇಕು. ಅಮೆರಿಕದ ಹ್ಯಾಂಗರುಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಈ ಕೊಳವೆ ಅಂದ್ರೆ ಪ್ರೀತಿ. ವಿಮಾನ ಕೆಲವು ದಿನ ನಿಂತರೆ ಸಾಕು, ಒಳಗೆ ಗೂಡು ಕೂತಿರುತ್ತದೆ. ಗಾಳಿ ಒಳಗೆ ಬರದೆ ಟ್ಯಾಂಕಿನಲ್ಲಿ ನಿರ್ವಾತ ಏರುತ್ತದೆ, ಪಂಪಿಗೆ ಎಳೆಯಲು ಆಗುವುದಿಲ್ಲ.

ಇಳಿದ ತಕ್ಷಣ ಟ್ಯಾಂಕಿನ ಮುಚ್ಚಳ ನಿಧಾನವಾಗಿ ತಿರುಗಿಸಿ. ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು ಬಂದರೆ ಉತ್ತರ ಸಿಕ್ಕಿತು.

ಇನ್ನೊಂದನ್ನೂ ನೋಡಿ: ವಾಪಸ್ ಪೈಪು ಯಾವ ಟ್ಯಾಂಕಿಗೆ ಹೋಗುತ್ತಿದೆ? ಎಡ ಟ್ಯಾಂಕಿನಿಂದ ಎಳೆದು ಬಲಕ್ಕೆ ಸುರಿಯುತ್ತಿದ್ದರೆ ಎಡ ಟ್ಯಾಂಕು ನೀವು ಲೆಕ್ಕ ಹಾಕಿದ್ದಕ್ಕಿಂತ ಬೇಗ ಖಾಲಿ ಆಗುತ್ತದೆ. ಅದು ಫಿಲ್ಟರ್ ದೋಷ ಅಲ್ಲ, ವಾಲ್ವಿನ ಜೋಡಣೆಯ ದೋಷ.

ಲಕ್ಷಣ: ಒಂದು ಟ್ಯಾಂಕಿನಲ್ಲಿ ಮಾತ್ರ ತೊಂದರೆ, ಅಥವಾ ಒಂದು ಪಂಪಿನಲ್ಲಿ ಮಾತ್ರ

ಟ್ಯಾಂಕ್ ಬದಲಾಯಿಸಿದ ಕೂಡಲೇ ಎಂಜಿನ್ ಸರಿ ಹೋದರೆ ದೋಷ ಸೆಲೆಕ್ಟರ್ ವಾಲ್ವಿಗಿಂತ ಹಿಂದೆ ಇದೆ. ಆ ಟ್ಯಾಂಕಿನ ಒಳಗಿನ ಜಾಲರಿ, ಗಾಳಿ ಕೊಳವೆ, ಇಲ್ಲವೇ ಅಲ್ಲಿಂದ ಬರುವ ಪೈಪು. ಟ್ಯಾಂಕಿನೊಳಗಿನ ಜಾಲರಿಯ ಕಣ್ಣು ತುಂಬಾ ಸಣ್ಣದಿರಬಾರದು. ಕಾರ್ಖಾನೆಯ ಸಣ್ಣ ವಿಮಾನಗಳಿಗೆ ಇದ್ದ ನಿಯಮದಲ್ಲಿ ಪಿಸ್ಟನ್ ಎಂಜಿನ್‌ಗೆ ಇಂಚಿಗೆ 8ರಿಂದ 16 ಕಣ್ಣು ಅಂತ ಹೇಳಿತ್ತು. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಆ ನಿಯಮ ಕಡ್ಡಾಯ ಅಲ್ಲ, ಆದರೆ ಅಳತೆ ಒಳ್ಳೆಯದು. ಅಲ್ಲಿ ಸಣ್ಣ ಕಣ್ಣಿನ ಫಿಲ್ಟರ್ ಇಟ್ಟರೆ ಬಿಚ್ಚಿ ನೋಡಲಾಗದ ಜಾಗದಲ್ಲಿ ಕಸ ಕಟ್ಟುತ್ತದೆ.

ಪಂಪು ಬದಲಾಯಿಸಿದಾಗ ಸರಿ ಹೋದರೆ ಆ ಪಂಪು ಅಥವಾ ಅದರ ಸ್ವಂತ ಫಿಲ್ಟರ್ ಕಡೆ ನೋಡಿ. ಬದಲಾಯಿಸಿದರೂ ಸರಿ ಹೋಗದಿದ್ದರೆ ಎರಡೂ ಪಂಪುಗಳು ಹಂಚಿಕೊಳ್ಳುವ ಜಾಗದಲ್ಲಿ ದೋಷ ಇರಬೇಕು. ಎರಡು ಪಂಪಿಟ್ಟು ಒಂದೇ ಫಿಲ್ಟರ್ ಮೂಲಕ ಹಾಯಿಸಿದರೆ ಎರಡನೇ ಪಂಪು ಇದ್ದೂ ಇಲ್ಲದಂತೆ. ಪ್ರತಿ ಪಂಪಿಗೂ ಅದರದ್ದೇ ಫಿಲ್ಟರ್ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಲಕ್ಷಣ: ಟೇಕಾಫ್‌ನಲ್ಲಿ, ಏರುವಾಗ ಮುಗ್ಗರಿಸುತ್ತದೆ, ಸಮಮಟ್ಟದಲ್ಲಿ ಹಾರುವಾಗ ಏನೂ ಇಲ್ಲ

ಕಟ್ಟಿಕೊಂಡ ಫಿಲ್ಟರಿನ ಅಸಲಿ ಗುರುತು ಇದು. ಆರಾಮಾಗಿ ಹಾರುವಾಗ ಎಂಜಿನ್ನಿಗೆ ಟೇಕಾಫ್‌ನ ಅರ್ಧದಷ್ಟು ಇಂಧನ ಸಾಕು. ಕಟ್ಟಿದ ಫಿಲ್ಟರ್ ಅಷ್ಟನ್ನು ಬಿಡುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರ ಬಣ್ಣ ಬಯಲಾಗುತ್ತದೆ, ಅದೂ ನೆಲ ಹತ್ತಿರ ಇರುವಾಗ.

ವಿಮಾನದ ಬಾಲವನ್ನು ಭದ್ರವಾಗಿ ಕಟ್ಟಿ, ಚಕ್ರಕ್ಕೆ ಕಟ್ಟೆ ಕೊಟ್ಟು ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ. ಕಣ್ಣು ಎರಡು ಕಡೆ ಇರಲಿ: ನೀರಿನ ಬಿಸಿ ಮತ್ತು ಇಂಧನ ಒತ್ತಡ. ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನಿಂದ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ಸಣ್ಣ ಕೊಳವೆ ಬಂದಿದ್ದರೆ ಐಡಲ್‌ನಲ್ಲಿ ಒತ್ತಡ ಸ್ವಲ್ಪ ಕಡಿಮೆ, ಥ್ರಾಟಲ್ ತೆರೆದಂತೆ ಜಾಸ್ತಿ ತೋರಿಸುವುದೇ ಸರಿ. ಐಡಲ್‌ನಲ್ಲಿ ಕಡಿಮೆ ಇದೆ ಅಂತ ಗಾಬರಿಯಾಗಿ ಪಂಪು ಬದಲಾಯಿಸುವವರಿದ್ದಾರೆ, ಬೇಡ. ಥ್ರಾಟಲ್ ತೆರೆದಾಗ ಏರಬೇಕಾದ ಮುಳ್ಳು ಅಲ್ಲೇ ನಿಂತರೆ ಅಥವಾ ನಿಧಾನವಾಗಿ ಇಳಿಯುತ್ತಾ ಹೋದರೆ, ಅದು ಇಂಧನ ಸಾಲದ ಲಕ್ಷಣ.

ಒತ್ತಡ 40ರಿಂದ 30 ಪಿಎಸ್‌ಐಗೆ ಇಳಿದರೆ ಏನು ಮಹಾ ಅನ್ನಿಸಬಹುದು. ಇಂಜೆಕ್ಟರಿನ ಹರಿವು ಒತ್ತಡದ ವರ್ಗಮೂಲದಂತೆ ಇಳಿಯುತ್ತದೆ, ಅಂದರೆ ಸುಮಾರು ಶೇ. 13 ಕಡಿಮೆ. 12.5ಕ್ಕೆ 1 ಇದ್ದ ಗಾಳಿ-ಇಂಧನ ಮಿಶ್ರಣ 14.4ರ ಹತ್ತಿರ ಹೋಗುತ್ತದೆ. ಪೂರ್ತಿ ಶಕ್ತಿಯಲ್ಲಿ ಅಷ್ಟು ತೆಳು ಮಿಶ್ರಣ ಸಿಕ್ಕರೆ ಡಿಟೊನೇಶನ್ (ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು) ಆಗಬಹುದು. ರೋಟರಿಯಲ್ಲಿ ಅದರ ಏಟು ನೇರವಾಗಿ ಬೀಳುವುದು ಅಪೆಕ್ಸ್ ಸೀಲ್ (ರೋಟರಿನ ಮೂಲೆಯ ಸೀಲ್) ಮೇಲೆ. ಹಾಗಾಗಿ ಒತ್ತಡ ಬೀಳುವುದು ಕಂಡ ಕೂಡಲೇ ಥ್ರಾಟಲ್ ಎಳೆಯಿರಿ. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಸಲ ಓಡಿಸಬೇಡಿ.

ಮುಗ್ಗರಿಸುವುದು ಪ್ರತಿ ಸಲ ಒಂದೇ ಆರ್‌ಪಿಎಂನಲ್ಲಿ, ಎರಡನೇ ಜೋಡಿ ಇಂಜೆಕ್ಟರುಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ಆಗಿ, ದಾಟಿದ ಮೇಲೆ ಸರಿ ಹೋಗುತ್ತಿದ್ದರೆ ಇಂಜೆಕ್ಟರುಗಳನ್ನು ನಡೆಸುವ ಕಂಟ್ರೋಲರಿನ ಹೊಂದಾಣಿಕೆ ನೋಡಿ. ಫಿಲ್ಟರ್ ಹಾಗೆ ಒಂದು ಬಿಂದು ಹಿಡಿದು ಕಾಡುವುದಿಲ್ಲ.

ಲಕ್ಷಣ: ಪಂಪು ಕೀರಲು ಸದ್ದು ಮಾಡುತ್ತದೆ

ಪಂಪಿನ ಸದ್ದು ಮತ್ತು ಅದು ಎಳೆಯುವ ಕರೆಂಟು ಸೇರಿದರೆ ಯಾವ ಫಿಲ್ಟರ್ ಅಂತ ಬಿಚ್ಚದೆಯೇ ಹೇಳಬಹುದು. ಒಂದು ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವುದು) ಸಾಕು.

ಟ್ಯಾಂಕ್ ಕಡೆಯ ಫಿಲ್ಟರ್ ಕಟ್ಟಿದರೆ ಪಂಪು ಎಳೆಯಲು ಒದ್ದಾಡುತ್ತದೆ. ಎಳನೀರಿನ ಸ್ಟ್ರಾ ಅದುಮಿ ಹಿಡಿದು ಹೀರಿದ ಹಾಗೆ. ಒಳಗೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಏಳುತ್ತದೆ. ಸದ್ದು ಕೀರಲಾಗುತ್ತದೆ, ಮಧ್ಯೆ ಮಧ್ಯೆ ಗರಗರ ಅನ್ನುತ್ತದೆ. ಗುಳ್ಳೆಯನ್ನು ತಳ್ಳಲು ಶ್ರಮ ಬೇಡ, ಆದ್ದರಿಂದ ಕರೆಂಟು ಇಳಿಯುತ್ತದೆ, ಏರಿಳಿಯುತ್ತದೆ. ಇಲ್ಲಿ ಒಂದು ಮಾತು ನೆನಪಿರಲಿ. ಈ ಫಿಲ್ಟರ್ ಮೂಲಕ ಹೋಗುವುದು ಎಂಜಿನ್ ಸುಡುವ ಇಂಧನ ಮಾತ್ರ ಅಲ್ಲ, ಪಂಪಿನ ಪೂರ್ತಿ ಹರಿವು. ಹಾಗಾಗಿ ಐಡಲ್‌ನಲ್ಲೂ ಈ ಸದ್ದು ಕೇಳಿಸುತ್ತದೆ. ಟೇಕಾಫ್‌ವರೆಗೆ ಕಾಯದೆ ಸಿಗುವ ಒಳ್ಳೆಯ ಮುನ್ಸೂಚನೆ ಇದು.

ಎಂಜಿನ್ ಕಡೆಯ ಫಿಲ್ಟರ್ ಕಟ್ಟಿದರೆ ಉಲ್ಟಾ. ಪಂಪಿಗೆ ತಳ್ಳುವುದು ಕಷ್ಟ. ಸದ್ದು ಭಾರವಾಗುತ್ತದೆ, ಕರೆಂಟು ಏರುತ್ತದೆ, ಪಂಪು ಬಿಸಿಯಾಗುತ್ತದೆ. ಫ್ಯೂಸ್ ಹಾರಿದರೆ ದೊಡ್ಡ ಫ್ಯೂಸ್ ಹಾಕಿ ಸುಮ್ಮನಾಗಬೇಡಿ.

ಹೋಲಿಸಲು ಎಲ್ಲ ಸರಿ ಇದ್ದಾಗಿನ ಅಂಕಿ ಬೇಕು, ಅಲ್ವಾ? ಹೊಸ ಫಿಲ್ಟರ್ ಹಾಕಿದ ದಿನವೇ ಎರಡೂ ಪಂಪಿನ ಕರೆಂಟು ಅಳೆದು ಲಾಗ್ ಪುಸ್ತಕದಲ್ಲಿ ಬರೆದಿಡಿ, ಬ್ಯಾಟರಿ ವೋಲ್ಟೇಜ್ ಸಮೇತ.

ಲಕ್ಷಣ: ಗೇಜ್ ಸರಿ ಇದೆ, ಎಕ್ಸಾಸ್ಟ್ ಬಿಸಿ ಮಾತ್ರ ಬದಲಾಗಿದೆ

ಮೊದಲು ಗೇಜಿನ ಪೈಪು ಎಲ್ಲಿಂದ ಬಂದಿದೆ ಅಂತ ಕೈಯಿಟ್ಟು ಹುಡುಕಿ. ಪಂಪಿಗೂ ಎಂಜಿನ್ ಕಡೆಯ ಫಿಲ್ಟರಿಗೂ ನಡುವೆ ಇದ್ದರೆ ಅದು ತೋರಿಸುವುದು ಫಿಲ್ಟರಿನ ಹಿಂದಿನ ಒತ್ತಡ. ಫಿಲ್ಟರ್ ಕಟ್ಟಿದಷ್ಟೂ ಆ ಗೇಜ್ ಚೆನ್ನಾಗಿ, ಇನ್ನೂ ಜಾಸ್ತಿಯೇ ತೋರಿಸುತ್ತದೆ! ಇಂಜೆಕ್ಟರುಗಳು ಮಾತ್ರ ಒಣಗಿರುತ್ತವೆ. ಗೇಜ್ ರೈಲಿನಿಂದಲೇ ಬರಬೇಕು. ಇಲ್ಲದಿದ್ದರೆ ಮುಂದಿನ ಹಾರಾಟಕ್ಕೆ ಮುಂಚೆ ಬದಲಾಯಿಸಿ.

ಆಮೇಲೆ ಎರಡು ರೋಟರುಗಳ ಎಕ್ಸಾಸ್ಟ್ ಬಿಸಿಯನ್ನು ಹೋಲಿಸಿ. 13ಬಿಯಲ್ಲಿ ಇದು 1600 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಸಾಮಾನ್ಯ, ಪಿಸ್ಟನ್ ಎಂಜಿನ್ನಿನ ಅಂಕಿ ಇಟ್ಟುಕೊಂಡು ಹೆದರಬೇಡಿ. ಎರಡೂ ಒಟ್ಟಿಗೆ ಏರಿದರೆ ಸಾಮಾನ್ಯ ದಾರಿಯಲ್ಲಿ ತೊಂದರೆ: ಫಿಲ್ಟರ್, ಪಂಪು, ರೆಗ್ಯುಲೇಟರ್. ಒಂದೇ ರೋಟರಿನದ್ದು ಏರಿದರೆ ಆ ರೋಟರಿನ ಇಂಜೆಕ್ಟರ್ ಅಥವಾ ಇಗ್ನಿಷನ್. ಟ್ರೇಲಿಂಗ್ ಪ್ಲಗ್ (ರೋಟರಿನ ಎರಡನೇ ಪ್ಲಗ್) ಹೊತ್ತಿಕೊಳ್ಳದಿದ್ದರೂ ಬಿಸಿ ಏರುತ್ತದೆ, ಅದಕ್ಕೆ ಫಿಲ್ಟರನ್ನು ದೂರಬೇಡಿ. ಮಿಶ್ರಣ ತೀರಾ ತೆಳುವಾದರೆ ಬಿಸಿ ಏರಿ ಮತ್ತೆ ಇಳಿಯುತ್ತದೆ, ಎಂಜಿನ್ ಒರಟಾಗುತ್ತದೆ. ಇಳಿದಿದ್ದು ನೋಡಿ ಸಮಾಧಾನ ಪಡುವ ಹಾಗಿಲ್ಲ.

ಮಿಶ್ರಣ ತಿಳಿಯಲು ಆಕ್ಸಿಜನ್ ಸೆನ್ಸರ್ ನಂಬುವವರಿಗೆ ಒಂದು ಮಾತು: ಸೀಸ ಇರುವ 100ಎಲ್‌ಎಲ್ ವಿಮಾನ ಪೆಟ್ರೋಲ್ ಆ ಸೆನ್ಸರನ್ನು ಹಾಳು ಮಾಡುತ್ತದೆ. ಹಳೆಯ ಸೆನ್ಸರಿನ ಮಾತಿನ ಮೇಲೆ ತೀರ್ಮಾನ ಬೇಡ.

ಲಕ್ಷಣ: ಬಿಸಿಲಲ್ಲಿ ನಿಂತ ಮೇಲೆ ಮಾತ್ರ ತೊಂದರೆ

ಇದು ಆವಿ ಕಟ್ಟುವ ಸಮಸ್ಯೆ ಇರಬಹುದು, ಫಿಲ್ಟರ್ ಇರಬಹುದು, ಎರಡೂ ಸೇರಿರಬಹುದು. ತಣ್ಣನೆಯ ಬೆಳಿಗ್ಗೆ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ನೋಡಿ. ಆಗಲೂ ಒತ್ತಡ ಬಿದ್ದರೆ ಫಿಲ್ಟರ್. ತಣ್ಣಗಿರುವಾಗ ಪೂರ್ತಿ ಸರಿ, ಬಿಸಿಯಾದಾಗ ಕೆಟ್ಟದ್ದು ಅಂದರೆ ಆವಿ. ಆದರೆ ಅರ್ಧ ಕಟ್ಟಿದ ಟ್ಯಾಂಕ್ ಕಡೆಯ ಫಿಲ್ಟರ್ ಪಂಪಿನ ಬಾಯಲ್ಲಿ ಒತ್ತಡ ಇಳಿಸಿ ಆವಿಯನ್ನು ಬೇಗ ಕರೆತರುತ್ತದೆ. ಹೋದ ಬೇಸಿಗೆಯಲ್ಲಿ ಇಲ್ಲದ ತೊಂದರೆ ಈ ಬೇಸಿಗೆಯಲ್ಲಿ ಬಂದಿದ್ದರೆ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತುವ ಮುಂಚೆ ಫಿಲ್ಟರ್ ಬಿಚ್ಚಿ ನೋಡಿ.

ವಾಪಸ್ ಪೈಪಿನ ಪರೀಕ್ಷೆ

ಇಷ್ಟಕ್ಕೂ ಅನುಮಾನ ಉಳಿದಿದ್ದರೆ ಹರಿವನ್ನೇ ಅಳೆಯಬೇಕು. ಎಂಜಿನ್ ಆಫ್. ವಾಪಸ್ ಪೈಪನ್ನು ರೆಗ್ಯುಲೇಟರ್ ದಾಟಿದ ಮೇಲೆ ಬಿಚ್ಚಿ ಲೋಹದ ಡಬ್ಬಕ್ಕೆ ಬಿಡಿ. ಪಂಪು ಸರಿಯಾಗಿ ಒಂದು ನಿಮಿಷ ಓಡಿಸಿ. ಇಂಜೆಕ್ಟರುಗಳು ಮುಚ್ಚಿರುವುದರಿಂದ ಫಿಲ್ಟರುಗಳನ್ನು ದಾಟಿದ ಪೂರ್ತಿ ಹರಿವು ಡಬ್ಬಕ್ಕೆ ಬರುತ್ತದೆ, ಅದೂ ಕೆಲಸದ ಒತ್ತಡದಲ್ಲೇ. ಅಳೆಯಿರಿ.

ಪಂಪಿನಿಂದ ಬರುವ ವ್ಯವಸ್ಥೆಗೆ ಟೇಕಾಫ್ ಬೇಡಿಕೆಯ ಶೇ. 125 ಬೇಕು ಅನ್ನುವುದು ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಒಪ್ಪುವ ಅಳತೆ. ಮೇಲಿನ ಲೆಕ್ಕದ ಎಂಜಿನ್ನಿಗೆ ಅದು ನಿಮಿಷಕ್ಕೆ 1.2 ಲೀಟರ್. ಅದಕ್ಕಿಂತ ಕಡಿಮೆ ಬಂದರೆ ಹಾರಬಾರದು. ಅದಕ್ಕಿಂತ ಜಾಸ್ತಿ ಬಂದರೂ, ಮೊದಲು ಎರಡೂವರೆ ಬರುತ್ತಿದ್ದದ್ದು ಈಗ ಒಂದೂವರೆಗೆ ಇಳಿದಿದ್ದರೆ ಏನೋ ಕಟ್ಟುತ್ತಿದೆ ಅಂತಲೇ ಅರ್ಥ. ಬ್ಯಾಟರಿಯೊಂದರ ಮೇಲೆ ಪಂಪು ಸ್ವಲ್ಪ ನಿಧಾನ ಓಡುತ್ತದೆ, ಹಾಗಾಗಿ ಬಂದ ಅಂಕಿ ಹಾರಾಟದ್ದಕ್ಕಿಂತ ತುಸು ಕಡಿಮೆಯೇ ಇರುತ್ತದೆ. ಅಂಕಿ ಏರಿಸಲು ಪಕ್ಕದಲ್ಲೇ ಚಾರ್ಜರ್ ಜೋಡಿಸಬೇಡಿ, ಕಿಡಿ ಹಾರೀತು.

ನಿಜವಾದ ಪರೀಕ್ಷೆ ವಿಮಾನದ ಮೂತಿಯನ್ನು ಮೇಲಕ್ಕೆ ಎತ್ತಿ ಮಾಡಿದಾಗ. ಅತಿ ಕಡಿದಾಗಿ ಏರುವ ಕೋನಕ್ಕಿಂತ 5 ಡಿಗ್ರಿ ಜಾಸ್ತಿ ಎತ್ತಿ, ಟ್ಯಾಂಕಿನಲ್ಲಿ ಕಡಿಮೆ ಇಂಧನ ಇಟ್ಟು, ಪ್ರತಿ ಟ್ಯಾಂಕಿಗೂ ಪ್ರತಿ ಪಂಪಿಗೂ ಬೇರೆ ಬೇರೆ ಅಳೆಯಿರಿ.

ಫಿಲ್ಟರ್ ಬಿಚ್ಚಿದಾಗ

ಹೊಸದು ಹಾಕಿ ಹಳೆಯದನ್ನು ಕಸಕ್ಕೆ ಎಸೆದರೆ ಅರ್ಧ ಕೆಲಸವೂ ಆಗಲಿಲ್ಲ. ಯಾಕೆ ಕಟ್ಟಿತು ಅಂತ ಗೊತ್ತಾಗಬೇಕು. ಫಿಲ್ಟರ್ ಒಳಗಿನ ಇಂಧನವನ್ನು ಅದು ಬಂದ ದಿಕ್ಕಿನಿಂದಲೇ ಬಿಳಿ ಕಾಫಿ ಫಿಲ್ಟರ್ ಕಾಗದದ ಮೇಲೆ ಸುರಿಯಿರಿ. ಕಾಗದದ ಎಲಿಮೆಂಟ್ (ಸೋಸುವ ಒಳಭಾಗ) ಇದ್ದರೆ ಪೈಪ್ ಕಟರ್‌ನಿಂದ ಡಬ್ಬಿ ಕತ್ತರಿಸಿ. ಗರಗಸ ಬಳಸಿದರೆ ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಮಡಿಕೆಗಳನ್ನು ಬಿಡಿಸಿ ಹರಡಿ, ಒಣಗಿದ ಮೇಲೆ ಓರೆ ಬೆಳಕಿನಲ್ಲಿ ನೋಡಿ.

ಹೊಳೆಯುವ ಚೂರು ಅಯಸ್ಕಾಂತಕ್ಕೆ ಅಂಟದಿದ್ದರೆ ಅಲ್ಯುಮಿನಿಯಂ, ಟ್ಯಾಂಕ್ ಕಟ್ಟುವಾಗ ಕೊರೆದ ಪುಡಿ. ಹೊಸ ವಿಮಾನದಲ್ಲಿ ಇದು ಮಾಮೂಲು, ಕ್ರಮೇಣ ಕಡಿಮೆಯಾಗಬೇಕು. ರಬ್ಬರಿನಂತೆ ಬಗ್ಗುವ ಬೂದು-ಕಪ್ಪು ತುಣುಕು ಅಂದರೆ ಟ್ಯಾಂಕಿನ ಸೀಲಂಟ್. ತೆಳು ಸಿಪ್ಪೆಯಂತೆ ಎದ್ದು ಬಂದಿದ್ದರೆ ಟ್ಯಾಂಕ್ ಒಳಗೆ ಸುರಿದು ಹರಡಿದ ಲೇಪ ಕಿತ್ತು ಬರುತ್ತಿದೆ. ಇದು ಎಲ್ಲಕ್ಕಿಂತ ಅಪಾಯ. ಒಂದೇ ಹಾಳೆ ಬಂದು ಜಾಲರಿಯನ್ನು ಪೂರ್ತಿ ಮುಚ್ಚಬಹುದು, ಮುಂಚೆ ಯಾವ ಲಕ್ಷಣವೂ ಕಾಣದೆ. ಬಿಳಿ ದಾರದ ಎಳೆ ಇದ್ದರೆ ಯಾರೋ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತಿದ್ದಾರೆ, ಇಂಧನ ಪೈಪಿಗೆ ಅದು ಸಲ್ಲದು. ಫೈಬರ್‌ಗ್ಲಾಸ್ ಟ್ಯಾಂಕಿದ್ದರೆ ರೆಸಿನ್ ಚಕ್ಕೆ, ನಾರು ಸಿಗಬಹುದು. ಕಪ್ಪು ಮಸಿ ಬೆರಳಿಗೆ ಹತ್ತಿದರೆ ಹೋಸ್ ಒಳಗಿಂದ ಕರಗುತ್ತಿದೆ.

ಲೇಪ ಏಳುವುದಕ್ಕೂ ಹೋಸ್ ಕರಗುವುದಕ್ಕೂ ಎಥನಾಲ್ ಕಾರಣ ಇರಬಹುದು. ಅಮೆರಿಕದ ಬಂಕಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10 ಎಥನಾಲ್ ಇರುತ್ತದೆ. ನಮ್ಮ ಕಡೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20ಯಲ್ಲಿ ಶೇ. 20. ಪತ್ತೆ ಸುಲಭ: ಗುರುತು ಹಾಕಿದ ಗಾಜಿನ ಕೊಳವೆಗೆ ಸ್ವಲ್ಪ ನೀರು ಹಾಕಿ ಮಟ್ಟ ಗುರುತಿಸಿ, ಮೇಲೆ ಪೆಟ್ರೋಲ್ ಹಾಕಿ ಕುಲುಕಿ ಬಿಡಿ. ನೀರಿನ ಮಟ್ಟ ಏರಿದರೆ ಎಥನಾಲ್ ಇದೆ. ನೀರು ಸೇರಿದಾಗ ಕಾಗದದ ಎಲಿಮೆಂಟ್ ಉಬ್ಬಿ, ಕಸವೇ ಇಲ್ಲದೆ ದಾರಿ ಮುಚ್ಚುತ್ತದೆ ಅನ್ನುವುದೂ ನೆನಪಿರಲಿ. ತೊಳೆಯಬಹುದಾದ ಸ್ಟೀಲ್ ಜಾಲರಿ ಇದಕ್ಕೇ ಮೇಲು. ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರನ್ನಂತೂ ಎಂಜಿನ್ ಕೋಣೆಯಲ್ಲಿ ಇಡಲೇಬಾರದು.

ಎಲ್ಲಿ ನಿಲ್ಲಿಸಬೇಕು

ರನ್‌ವೇಯಲ್ಲಿ ಓಡುವಾಗ ಒಂದು ಸಲ ಕೆಮ್ಮಿದರೂ ಟೇಕಾಫ್ ಕೈಬಿಡಿ. ಆಕಾಶದಲ್ಲಿ ಆದರೆ ಮೊದಲು ವಿಮಾನ ಹಾರಿಸಿ, ಮೂತಿ ಇಳಿಸಿ ವೇಗ ಕಾಪಾಡಿ. ಎರಡನೇ ಪಂಪು ಹಾಕಿ, ಟ್ಯಾಂಕ್ ಬದಲಾಯಿಸಿ, ಎಂಜಿನ್ ನುಣುಪಾಗುವಷ್ಟು ಥ್ರಾಟಲ್ ತಗ್ಗಿಸಿ. ಸರಿ ಹೋದರೂ ಹತ್ತಿರದ ರನ್‌ವೇಯಲ್ಲಿ ಇಳಿಯಿರಿ. ಕಾರಣ ಸಿಗುವವರೆಗೆ ಅದನ್ನು ಹಾರಿಸಿಕೊಂಡು ಮನೆಗೆ ತರುವ ಮಾತು ಬೇಡ.

ಪೂರ್ತಿ ಶಕ್ತಿಯಲ್ಲಿ ತೆಳು ಮಿಶ್ರಣದಲ್ಲಿ ಓಡಿದ್ದರೆ ಕಂಪ್ರೆಷನ್ ನೋಡಲೇಬೇಕು. ಒಂದು ರೋಟರಿನ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಇಂಧನ ಎರಡೂ ಬಂದ್ ಮಾಡಿ, ಪ್ರೊಪೆಲ್ಲರ್ ಹತ್ತಿರ ಯಾರೂ ಇಲ್ಲದಂತೆ ನೋಡಿಕೊಂಡು ಸ್ಟಾರ್ಟರ್ ತಿರುಗಿಸಿ. ಫುಸ್ ಫುಸ್ ಫುಸ್ ಅಂತ ಮೂರು ಸಮನಾದ ಉಸಿರು ಬರಬೇಕು, ರೋಟರಿನ ಮೂರು ಮುಖಗಳದ್ದು. ಒಂದು ಬಲ, ಎರಡು ದುರ್ಬಲ ಅಂತ ಕೇಳಿದರೆ ಅಪೆಕ್ಸ್ ಸೀಲ್ ಒಂದು ಹೋಗಿದೆ. ಸಾಮಾನ್ಯ ಗೇಜ್ ಇದನ್ನು ಹಿಡಿಯುವುದಿಲ್ಲ. ಮೂರು ಮುಖವನ್ನೂ ಬೇರೆ ಬೇರೆ ಅಳೆಯುವ ಮೀಟರ್ ಇರುವ ರೋಟರಿ ಮೆಕ್ಯಾನಿಕ್ ಹತ್ತಿರ ಹೋಗಿ. ಟ್ಯಾಂಕಿನ ಲೇಪ ಏಳುತ್ತಿದ್ದರೆ, ಎರಡು ಸಲ ಫಿಲ್ಟರ್ ಬದಲಾಯಿಸಿದರೂ ಕಸ ನಿಲ್ಲದಿದ್ದರೆ ಒಬ್ಬರೇ ಗುದ್ದಾಡಬೇಡಿ. ಹವ್ಯಾಸಿ ವಿಮಾನಗಳ ಸಂಘ ಇಎಎಯಲ್ಲಿ ಟೆಕ್ನಿಕಲ್ ಕೌನ್ಸೆಲರ್ ಅಂತ ಸ್ವಯಂಸೇವಕರಿದ್ದಾರೆ, ಬಂದು ನೋಡುತ್ತಾರೆ.

ಜೋಡಿಸಿದ ಮೇಲೆ

ಎಂಜಿನ್ ಆಫ್ ಇಟ್ಟು ಪಂಪು ಓಡಿಸಿ, ಪ್ರತಿ ಜೋಡಣೆಯನ್ನೂ ಒಣ ಬಿಳಿ ಬಟ್ಟೆಯಿಂದ ಒರೆಸಿ ಸೋರಿಕೆ ನೋಡಿ. ಫಿಲ್ಟರಿನ ಬಾಣದ ಗುರುತು ಹರಿವಿನ ದಿಕ್ಕಿಗೇ ಇದೆಯಾ ಅಂತ ಇನ್ನೊಬ್ಬರಿಂದ ನೋಡಿಸಿ. ವಾಪಸ್ ಹರಿವು ಮತ್ತೆ ಅಳೆದು ಬರೆದಿಡಿ. ಬಾಲ ಕಟ್ಟಿ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ. ಮೊದಲ ಹಾರಾಟ ಒಬ್ಬರೇ, ವಿಮಾನ ನಿಲ್ದಾಣದ ಮೇಲೇ ಸುತ್ತುತ್ತಾ. ಇಳಿದ ಮೇಲೆ ಎಂಜಿನ್ ತಣಿದ ಕೂಡಲೇ ಟ್ಯಾಂಕ್ ಕಡೆಯ ಫಿಲ್ಟರನ್ನು ಮತ್ತೊಮ್ಮೆ ಬಿಚ್ಚಿ ನೋಡಿ. ಕದಲಿದ ಕಸ ಬರುವುದು ಆಗಲೇ.